ಮುಚ್ಚಿಬುಡೋಣ ಸಾರ್

ಬೆಟ್ಟಸೀಮೆಯಲ್ಲಿ ಮೊದಲು ನೆಲೆಸಿದ ಬಿಳಿಯರ ಕುರುಹು ಹುಡುಕಲು ಮೆಟಲ್ ಡಿಟೆಕ್ಟರ್ ಹಿಡಿದು ತುಮ್ಮನಟ್ಟಿಯ ಆಚೆಗಿನ ಕಾಡು ಅಲೆಯುತ್ತಿದ್ದಾಗ, ನನಗೆ ದಾರಿ ತೋರಿಸುತ್ತಿದ್ದವರು ಅಲ್ಲಿನ ಬಡಗ ಸಮುದಾಯದ ಒಬ್ಬ ಹಿರಿಯರು. ನಾನು ಅಗೆದಲ್ಲೆಲ್ಲ ಕುಕ್ಕರಗಾಲಲ್ಲಿ ಕೂತು, "ಮುಚ್ಚಿಬುಡೋಣ ಸಾರ್" ಎನ್ನುತ್ತ ಬರಿಗೈಯಲ್ಲೇ ಮಣ್ಣೆಳೆದು ತಟ್ಟುತ್ತಿದ್ದರು. ಆ ಚಟಕ್ಕೆ ನಾನು ನಗುತ್ತಿದ್ದೆ.

ಒಂದು ದಿನ, ಮಳೆ ಕೊರೆದ ದಿಬ್ಬದಲ್ಲಿ ಯಂತ್ರ ಕೂಗಿತು. ಗೇಣು ಅಗೆಯುವಷ್ಟರಲ್ಲಿ ಉಗುರಿನಷ್ಟು ಚಿನ್ನದ ನಾಣ್ಯ ಸಿಕ್ಕಿತು. ಅವರು ತಲೆಯ ಬಟ್ಟೆ ತೆಗೆದು ಕೈ ಚಾಚಿದರು. ಪಾಲು ಕೇಳುತ್ತಿದ್ದಾರೆಂದುಕೊಂಡು ನಾನು ಆ ಕೈಯಲ್ಲಿ ಐನೂರರ ನೋಟಿಟ್ಟೆ. ನೆನೆದರೆ ಇಂದಿಗೂ ಹಿಡಿಯಷ್ಟಾಗುತ್ತೇನೆ.

ನೋಟನ್ನು ಮಡಚಿ ನನ್ನ ಜೇಬಿಗೇ ಹಾಕಿದರು. "ನಮ್ಮೋರು ಸತ್ತಾಗ ಬಾಯಿಗೆ ಇಡೋ ಹಣ ಇದು. ಕೊಡಿ ಸಾರ್, ಮುಚ್ಚಿಬುಡೋಣ."

ನಾಣ್ಯ ಅವರ ಕೈಗಿಟ್ಟು, ಆ ಸಲ ಮಣ್ಣೆಳೆಯಲು ನಾನೂ ಕೂತೆ. ಅವರು ಮೆಲ್ಲಗೆ ನನ್ನ ಕೈ ಸರಿಸಿದರು.