ತೊಂಬತ್ತನೆಯ ದಿನದ ಹೊಲಿಗೆ

ಬೀದಿದೀಪಗಳು ಇನ್ನೂ ಆರಿಲ್ಲ. ಕಾರ್ಮಿಕ ನ್ಯಾಯಮಂಡಳಿಯ ಮೆಟ್ಟಿಲ ಬುಡದಲ್ಲಿ ಹೆಂಗಸೊಬ್ಬರು ಮಡಿಸುವ ಮೇಜು ಬಿಡಿಸಿ, ಅಲ್ಲಾಡುವ ಕಾಲಿನ ಕೆಳಗೆ ರಟ್ಟಿನ ಚೂರು ತುರುಕುತ್ತಿದ್ದಾರೆ. ಮೇಜಿನ ಮೇಲೊಂದು ಹಳೆಯ ಟೈಪ್‌ರೈಟರ್, ಮೇಣ ಹಚ್ಚಿದ ದಾರದುಂಡೆ, ದಬ್ಬಳ. ಹಿಂದಿನ ಗೋಡೆಯ ಮೊಳೆಗೆ ದೊಡ್ಡ ಅಂಕಿಗಳ ಕ್ಯಾಲೆಂಡರ್. ಕಚೇರಿ ತೆರೆಯಲು ಇನ್ನೂ ನಾಲ್ಕು ಗಂಟೆ ಇದೆ. ಇಷ್ಟು ಬೇಗ ಏಕೆ ಎಂದರೆ ನಗುತ್ತಾರೆ. “ರಾತ್ರಿ ಪಾಳಿ ಮುಗಿಸಿದವ್ರು ಮನೆಗೆ ಹೋಗೋ ದಾರೀಲಿ ಬರ್ತಾರೆ. ಮಲಗಿ ಎದ್ದು ಬರ್ತೀನಿ ಅಂದ್ರೆ ಅವತ್ತಿನ ದಿನಾನೂ ಹೋಯ್ತು.”

ಈ ಬೀದಿಯಲ್ಲಿ ಅರ್ಜಿ ಬರೆದುಕೊಡುವವರು ಐದಾರು ಮಂದಿ. ಉಳಿದವರೆಲ್ಲ “ಏನಾಯ್ತು?” ಎಂದು ಮಾತು ಶುರುಮಾಡಿದರೆ ಇವರು ಕೇಳುವುದು “ಯಾವ ತಾರೀಕು?” ಎಂದು. ಹಾಗಾಗಿ ಎಲ್ಲರಿಗೂ ಇವರು ತಾರೀಕಕ್ಕ. ಮನೆಯಲ್ಲೂ ಈ ಚಾಳಿ ಬಿಟ್ಟಿಲ್ಲ. ತಲೆನೋವು ಎಂದರೆ ಯಾವತ್ತಿನಿಂದ ಎನ್ನುತ್ತಾಳೆ, ಅಳಿದುಳಿದ ಸಾರನ್ನೂ ತಾರೀಕು ಕೇಳದೆ ಚೆಲ್ಲುವುದಿಲ್ಲ ಎಂದು ಜೊತೆಗಿರುವ ತಂಗಿ ರೇಗಿಸುತ್ತಾರೆ.

ತಾರೀಕಿನ ಮೇಲೆ ಇಷ್ಟು ಜೀವ ಬಿಡುವುದಕ್ಕೆ ಕಾರಣವಿದೆ. ಕೆಲಸದ ಒಪ್ಪಂದ ಮುರಿದು ಮಾಲೀಕರು ಮನೆಗೆ ಕಳಿಸಿದರೆ ಇಲ್ಲಿ ದೂರು ಕೊಡಬಹುದು. ಆದರೆ ಕಳಿಸಿದ ದಿನದಿಂದ ತೊಂಬತ್ತು ದಿನದೊಳಗೆ ಕೊಡಬೇಕು. ತಾರೀಕಕ್ಕ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಎಣಿಸುತ್ತಾರೆ. ಮೂರನೆಯ ಸಲ, ಬಂದವರ ಕೈಯಲ್ಲೇ ಎಣಿಕೆ ಮಾಡಿಸುತ್ತಾರೆ. ವಾರಕ್ಕೆ ನಲವತ್ತು ಜನ ಬಂದರೆ ಇಬ್ಬರಾದರೂ ಗಡುವು ದಾಟಿದವರೇ. “ಹೆಚ್ಚಿನವರು ಸೋಮಾರಿಗಳಲ್ಲ ರೀ. ನಂಬಿ ಕೂತವ್ರು. ಮಾಲೀಕರ ಆಫೀಸಿನೋರು ನೋಡೋಣ ಅಂದಿರ್ತಾರೆ. ನೋಡೋ ತನಕ ಲೆಕ್ಕ ನಿಂತಿರುತ್ತೆ ಅಂದ್ಕೊಂಡಿರ್ತಾರೆ. ಅದು ನಿಲ್ಲಲ್ಲ.”

ಅಂಥವರು ಬಂದ ದಿನ ತಾರೀಕಕ್ಕನ ಡಬ್ಬಿಯ ಊಟ ಹಾಗೇ ವಾಪಸು ಹೋಗುತ್ತದೆ, ಏಕೆಂದರೆ ಅದು ಅವರದ್ದೇ ಕಥೆ. ಹತ್ತೊಂಬತ್ತು ವರ್ಷ ಅವರು ಒಂದು ಛಾಪಖಾನೆಯಲ್ಲಿ ಪುಸ್ತಕ ಹೊಲಿಯುತ್ತಿದ್ದರು. ಬೀದಿಗೆ ತೆರೆದ ಕಿಟಕಿಯ ಪಕ್ಕ ಅವರ ಜಾಗ. ಮಡಿಸಿದ ಹಾಳೆಗಳನ್ನು ಜೋಡಿಸಿ, ಬೆನ್ನಿಗೆ ದಾರ ಹಾಕಿ, ಅಂಟು ಸವರಿ ಪಕ್ಕಕ್ಕಿಟ್ಟರೆ ಒಂದು ಪುಸ್ತಕ. ಯಂತ್ರ ಬಂದಾಗ ಅವರನ್ನು ಒಂದೇ ದಿನದಲ್ಲಿ ಕಳಿಸಿದರು. ಬೇರೆ ವಿಭಾಗದಲ್ಲಿ ಕೆಲಸ ಕೊಡಬೇಕೆಂದು ಒಪ್ಪಂದದಲ್ಲೇ ಇತ್ತು. ಮ್ಯಾನೇಜರು “ಜಾಗ ಹುಡುಕ್ತಿದ್ದೀವಿ, ಸ್ವಲ್ಪ ತಾಳಮ್ಮ” ಎಂದು ಮೂಗಿಗೆ ತುಪ್ಪ ಸವರಿದರು. ಇವರು ತಾಳಿದರು. ಕೊನೆಗೆ ಜಾಗವಿಲ್ಲ ಎಂಬ ಪತ್ರ ಬಂತು. ಆ ಪತ್ರದ ದಿನದಿಂದ ಎಣಿಸಿಕೊಂಡು ಇಲ್ಲಿಗೆ ಬಂದಾಗ, ನಿಜವಾದ ಲೆಕ್ಕದಲ್ಲಿ ಅದು ತೊಂಬತ್ತೆರಡನೆಯ ದಿನ. ಸರಿಯಾದ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ. ಕಾಯುತ್ತಿದ್ದೆ ಎಂಬುದು ಮಂಡಳಿಗೆ ಕಾರಣವಾಗಿ ಕಾಣಲಿಲ್ಲ.

ಇವತ್ತು ಶುಕ್ರವಾರ. ಬೆಳಕು ಹರಿಯುವ ಹೊತ್ತಿಗೆ ಶಾಲಾ ಬಸ್ಸಿನ ಚಾಲಕರೊಬ್ಬರು ಬಂದು ನಿಲ್ಲುತ್ತಾರೆ. ಇಪ್ಪತ್ತು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದವರು. ಮಂಡಿನೋವಿಗೆ ರಜೆ ಕೇಳಿದ್ದಕ್ಕೆ ನೋಟೀಸಿಲ್ಲದೆ ಕೆಲಸದಿಂದ ತೆಗೆದಿದ್ದಾರೆ. ಅವರಿಗೆ ಬೇಕಿರುವುದು ಆ ಬಸ್ಸು, ಆ ಮಕ್ಕಳು. ತಾರೀಕಕ್ಕ ಮೂರು ಸಲವೂ ಎಣಿಸಿಯಾಯಿತು. ಇವತ್ತೇ ತೊಂಬತ್ತು.

“ಸೋಮವಾರ ಬಾ ಅಂದಿದ್ದಾರೆ ಅಕ್ಕ, ಶಾಲೆ ಸಾಹೇಬ್ರೇ ಕರೆದಿದ್ದಾರೆ,” ಎಂದು ಚಾಲಕರು ಕಾಲಿನಿಂದ ಕಾಲಿಗೆ ಭಾರ ಹಾಕುತ್ತಾರೆ. “ಇವತ್ತು ದೂರು ಕೊಟ್ರೆ ಮನಸ್ಸು ಕೆಡಿಸ್ಕೊಳ್ತಾರೆ. ಆಮೇಲೆ ಬಸ್ಸಿನ ಹತ್ರಾನೂ ಸೇರಿಸಲ್ಲ.”

“ಸೋಮವಾರ ಧಾರಾಳವಾಗಿ ಹೋಗಿಪ್ಪಾ. ಇವತ್ತು ಒಪ್ಪಂದದ ಕಾಗದ ತಂದು ದೂರು ಕೊಟ್ಟು ಹೋಗಿ. ಸಂಜೆ ನಾಲ್ಕಕ್ಕೆ ಕೌಂಟರ್ ಮುಚ್ಚುತ್ತೆ.”

ಚಾಲಕರು ತಲೆಯಾಡಿಸುವುದಿಲ್ಲ. ತಾರೀಕಕ್ಕ ಚೀಲದ ತಳದಿಂದ ಒಂದು ಅರ್ಜಿ ತೆಗೆಯುತ್ತಾರೆ. ಅಂಚೆಲ್ಲ ಹಳದಿಗಟ್ಟಿದೆ, ಬೆನ್ನಿಗೆ ಹಾಕಿದ ದಾರ ಮಾತ್ರ ಗಟ್ಟಿಯಾಗಿದೆ. ಮೊದಲ ಹಾಳೆಯ ಮೇಲೆ ‘ಅವಧಿ ಮೀರಿದೆ’ ಎಂಬ ಮುದ್ರೆ. ಅಕ್ಕಪಕ್ಕದ ಮೇಜಿನವರೂ ಇದನ್ನು ಎಂದೂ ನೋಡಿದವರಲ್ಲ. “ಇದು ನಂದು. ನಂಗೂ ಹೀಗೇ ಒಂದು ಸೋಮವಾರ ಹೇಳಿದ್ರು.” ಚಾಲಕರು ಮುದ್ರೆಯ ಮೇಲೆ ಕೈಯಾಡಿಸಿ ಅದನ್ನು ಹಿಂದಿರುಗಿಸುತ್ತಾರೆ. ಬಸ್‌ಸ್ಟಾಪಿನ ಕಡೆಗೆ ಹೊರಟುಹೋಗುತ್ತಾರೆ.

ಹೋದವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ತಾರೀಕಕ್ಕ ಬೇರೆಯವರ ಕೆಲಸದ ನಡುನಡುವೆ ಚಾಲಕರ ಅರ್ಜಿಯನ್ನೂ ಟೈಪ್ ಮಾಡಿ ಮುಗಿಸುತ್ತಾರೆ. ಮಧ್ಯಾಹ್ನ ಡಬ್ಬಿ ಬಿಚ್ಚುವುದಿಲ್ಲ. ಎರಡಾಯಿತು, ಮೂರಾಯಿತು. ಕಣ್ಣು ಬಸ್‌ಸ್ಟಾಪಿನ ಕಡೆಗೇ ಇದೆ. ಮೂರೂಕಾಲಿಗೆ ಚಾಲಕರು ಕುಂಟುತ್ತಲೇ ಓಡಿ ಬರುತ್ತಾರೆ, ಎದೆಗೆ ಅವಚಿಕೊಂಡ ಒಪ್ಪಂದದ ಕಾಗದದೊಂದಿಗೆ.

“ಬೀರುವಿನಲ್ಲಿ ಎಲ್ಲೋ ಸೇರ್ಕೊಂಡಿತ್ತು ಅಕ್ಕ,” ಎಂದು ಏದುಸಿರು ಬಿಡುತ್ತಾರೆ.

ಪಕ್ಕದ ಮೇಜಿನವರು ಪಿನ್ನು ಹೊಡೆಯುವ ಯಂತ್ರ ಚಾಚುತ್ತಾರೆ. ತಾರೀಕಕ್ಕ ತೆಗೆದುಕೊಳ್ಳುವುದಿಲ್ಲ. ಒಳಗೆ ಕಡತದಿಂದ ಕಡತಕ್ಕೆ ಹೋಗುವಾಗ ಪಿನ್ನು ಕಿತ್ತು ಹಾಳೆ ಕಳೆದುಹೋದದ್ದನ್ನು ಕಂಡವರು ಅವರು. ದಬ್ಬಳದಿಂದ ಮೂರು ತೂತು, ಒಳಗೊಮ್ಮೆ ಹೊರಗೊಮ್ಮೆ ದಾರ, ನಡುವಿನಲ್ಲಿ ಗಂಟು. ಛಾಪಖಾನೆಯಲ್ಲಿ ಕಲಿತದ್ದು ಅದೇ ಹೊಲಿಗೆ. ಕೈ ಒಂದು ಸಲವೂ ತಡವರಿಸುವುದಿಲ್ಲ. ಮೂರೂ ಮುಕ್ಕಾಲಿಗೆ ಕೌಂಟರಿನ ಗುಮಾಸ್ತರು ಬೆನ್ನಿನ ದಾರ ನೋಡುತ್ತಲೇ “ಓ, ಅಕ್ಕನದಾ?” ಎಂದು ಇವತ್ತಿನ ತಾರೀಕಿನ ಮುದ್ರೆ ಒತ್ತುತ್ತಾರೆ. ಬಸ್ಸು ಸಿಗುತ್ತದೋ ಇಲ್ಲವೋ, ಚಾಲಕರ ಮಾತನ್ನು ಇನ್ನು ಒಳಗೆ ಕೇಳಲೇಬೇಕು. “ಆ ನಂದೊಂದು ಬಿಟ್ರೆ, ನಾನು ಹೊಲಿದ ಅರ್ಜಿ ಒಂದೂ ತಡ ಅಂತ ವಾಪಸ್ ಬಂದಿಲ್ಲ,” ಎನ್ನುತ್ತಾರೆ ತಾರೀಕಕ್ಕ, ಡಬ್ಬಿ ಬಿಚ್ಚುತ್ತ.

ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಅವರು ಎಡಗಡೆಯ ಸೀಟು ಸಿಗದಿದ್ದರೆ ನಿಂತೇ ಬರುತ್ತಾರೆ. ಛಾಪಖಾನೆ ಎಡಕ್ಕೆ ಬರುತ್ತದೆ. ಆ ಕಿಟಕಿ ಇನ್ನೂ ಇದೆ, ಪಕ್ಕದ ಜಾಗದಲ್ಲಿ ಈಗ ರಟ್ಟಿನ ಪೆಟ್ಟಿಗೆಗಳು. ಸಿಗ್ನಲ್ ಬಿದ್ದರೆ ಬಸ್ಸು ಅಲ್ಲಿ ಒಂದು ನಿಮಿಷ ನಿಲ್ಲುತ್ತದೆ. ಸಿಗ್ನಲ್ ಬೀಳಲಿ ಎಂದು ಅವರು ದಿನವೂ ಆಸೆಪಡುತ್ತಾರೆ. ಅಂಟಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ಕಿಟಕಿಯತ್ತ ಇನ್ನಷ್ಟು ಬಾಗುತ್ತಾರೆ.

ಅಲ್ಲಿಂದ ಬಂದು ಎಷ್ಟು ದಿನವಾಯಿತು ಎಂದು ಕೇಳಿದರೆ ಅವರಿಗೆ ಕ್ಯಾಲೆಂಡರು ಬೇಕಾಗುವುದಿಲ್ಲ.

“ಇವತ್ತಿಗೆ ನಾಲ್ಕು ಸಾವಿರದ ನೂರ ಹದಿನೇಳು. ನಾಳೆಗೆ ಹದಿನೆಂಟು,” ಎನ್ನುತ್ತಾರೆ, ಕಿಟಕಿಯಿಂದ ಕಣ್ಣು ತೆಗೆಯದೆ. “ಒಂದು ಪುಸ್ತಕ ಹೊಲಿದು ಹೋಗು ಅಂತ ಕರೆದ್ರೆ ನಾಳೇನೇ ಹೋಗ್ತೀನಿ. ದಬ್ಬಳ ಚೀಲದಲ್ಲೇ ಇದೆ.”