ಅಲ್ಲಾಡುವ ಕುರ್ಚಿ

ಬೀದಿಯವರೆಲ್ಲ ಅವನನ್ನು ಕರೆಯುವುದು ಬುಗುರಿ ಮೇಸ್ತ್ರಿ ಎಂದು. ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ಕಂಡವರ ಮುರುಕು ಕುರ್ಚಿಗಳನ್ನೆಲ್ಲ ಕೂರುವ ಹಾಗೆ ಮಾಡಿಕೊಟ್ಟವನು, ತಾನು ಮಾತ್ರ ಒಂದರ ಮೇಲೂ ನೆಟ್ಟಗೆ ಕೂತವನಲ್ಲ. ಊಟವನ್ನೂ ಓಡಾಡಿಕೊಂಡೇ ಮುಗಿಸುವ ಪೈಕಿ.

ಕೆಲಸದಲ್ಲಿ ಮಾತ್ರ ಅವಸರವಿರಲಿಲ್ಲ. ಸಡಿಲವಾದ ಕಾಲನ್ನು ಮರದ ಸುತ್ತಿಗೆಯಂಥ ಕೊಡತಿಯಿಂದ ಮೆಲ್ಲಗೆ ತಟ್ಟಿ ಬಿಡಿಸುವನು. ತೂತಿನೊಳಗೆ ಗಟ್ಟಿಯಾದ ಹಳೇ ಅಂಟನ್ನು ಚೂರೂ ಉಳಿಯದಂತೆ ಕೆರೆಯುವನು. ಹೊಸ ಅಂಟು ಹಚ್ಚಿ, ಕಾಲು ಕೂರಿಸಿ, ಸುತ್ತ ಹಗ್ಗ ಕಟ್ಟಿ, ಹಗ್ಗದ ನಡುವೆ ಕೋಲು ತೂರಿಸಿ ತಿರುಚಿ ಬಿಗಿಯುವನು. ಅಂಟು ಒಣಗಿದ ಮೇಲೆ ಕುರ್ಚಿಯ ಬೆನ್ನು ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿ ನೋಡುವನು. ಕಣ್ಣಿಗೆ ಕಾಣದ್ದು ಕೈಗೆ ಗೊತ್ತಾಗುತ್ತದೆ ಎಂಬುದು ಅವನ ನಂಬಿಕೆ. ಆ ಕೈ ಒಪ್ಪದೆ ಯಾವ ಕುರ್ಚಿಯೂ ಅಂಗಡಿಯ ಹೊಸಿಲು ದಾಟಿದ್ದಿಲ್ಲ.

ಈಚೆಗೆ ಆ ಕೈ ಯಾವುದನ್ನೂ ಒಪ್ಪುತ್ತಿಲ್ಲ. ಎದುರುಮನೆ ಟೈಲರಮ್ಮನ ಕುರ್ಚಿಯನ್ನು ಎರಡು ಸಲ ಬಿಚ್ಚಿ ಕೂಡಿಸಿದ್ದಾಯಿತು. ಹಗ್ಗ ತೆಗೆದು ಹಿಡಿದರೆ ಮತ್ತೆ ಅದೇ ಅಲುಗಾಟ. ಅಂಟನ್ನು ಬೈದ, ಮರವನ್ನು ಬೈದ, ಮೊದಲು ಅದನ್ನು ಮಾಡಿದ ಪುಣ್ಯಾತ್ಮನ ವಂಶವನ್ನೂ ಜಾಲಾಡಿದ. ಒಳಗೊಳಗೆ ಮಾತ್ರ ಬೇರೊಂದು ಹೆದರಿಕೆಯಿತ್ತು. ತನ್ನ ಕೆಲಸ ಕೆಟ್ಟಿತೇ? ಈ ಕೆಲಸವೂ ಬಾರದಿದ್ದರೆ ತಾನಿದ್ದೇನು ಫಲ? ಅದನ್ನು ಮರೆಯಲು ಅಂಗಡಿಯಲ್ಲೇ ಹಿಂದಕ್ಕೂ ಮುಂದಕ್ಕೂ ಅಲೆಯುತ್ತಿದ್ದ.

ಅಷ್ಟರಲ್ಲಿ ಟೈಲರಮ್ಮ ಬಾಗಿಲಿಗೆ ಬಂದು ನಿಂತಳು. "ಸ್ಟೂಲ್ ಮೇಲೆ ಕೂತು ಕೂತು ನನ್ನ ಸೊಂಟ ಹೋಯ್ತು, ಮೇಸ್ತ್ರಿ. ಕುರ್ಚಿ ಕೊಡ್ತೀರೋ ಇಲ್ವೋ?"

"ನಾಳೆ ಬಾರಮ್ಮ, ಇನ್ನೂ ಅಲ್ಲಾಡ್ತಿದೆ," ಎಂದು ಮೇಸ್ತ್ರಿ ಮತ್ತೆ ಕೊಡತಿ ಎತ್ತಿಕೊಂಡ.

ಒಳಗಿನಿಂದ ಬಂದ ಹೆಂಡತಿ ಕೊಡತಿಯನ್ನು ಕಿತ್ತುಕೊಂಡಳು.

"ಕುರ್ಚಿ ವಿಷಯ ನಿನಗೇನೇ ಗೊತ್ತು?"

"ಕೂರೋದು ಗೊತ್ತು," ಎಂದವಳೇ ಧಪ್ಪನೆ ಕೂತಳು. ಅವಳೇನು ಹೂವಿನಂಥ ಹೆಂಗಸಲ್ಲ. ಹಿಂದಕ್ಕೆ ಒರಗಿದಳು, ಪಕ್ಕಕ್ಕೆ ವಾಲಿದಳು, ಎರಡೂ ಕಾಲೆತ್ತಿ ಕುಲುಕಿದಳು. ಕುರ್ಚಿ ಕಿರ್ ಎನ್ನಲಿಲ್ಲ. "ಗಟ್ಟಿಯಾಗಿದೆ, ತಗೊಂಡು ಹೋಗಿ," ಎಂದಳು. ಮೇಸ್ತ್ರಿ ಮತ್ತೆ ಬಿಚ್ಚಿಬಿಟ್ಟಾನು ಎಂದು ಟೈಲರಮ್ಮ ಕುರ್ಚಿ ಎತ್ತಿಕೊಂಡು ಒಂದೇ ಉಸಿರಿಗೆ ರಸ್ತೆ ದಾಟಿದಳು.

ಮೇಸ್ತ್ರಿ ತನ್ನ ಬರಿಗೈಯನ್ನು ಮುಂದೆ ಚಾಚಿ ನೋಡಿದ. ಏನನ್ನೂ ಹಿಡಿಯದಿದ್ದರೂ ಅದು ನಡುಗುತ್ತಿತ್ತು. ಇಷ್ಟು ದಿನ ಗಟ್ಟಿ ಕುರ್ಚಿಗಳನ್ನೇ ಬಿಚ್ಚುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ತಟ್ಟನೆ ಆ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ.

"ಅಂಟು ಹಚ್ಚಿ ಬಿಗಿಯೋಕೆ ಈ ಕೈ ಸಾಕು ರೀ," ಎಂದಳು ಹೆಂಡತಿ. " ಕೂತು ನೋಡೋಕೆ ನಾನಿದೀನಲ್ಲ."

"ಕೈ ನಡುಗೋದು ನಿನಗೆ ಯಾವಾಗಿಂದ ಗೊತ್ತು?"

"ಲೋಟದ ತುಂಬ ಚಹಾ ಬೇಡ, ಅರ್ಧ ಸಾಕು ಅಂತ ಶುರು ಮಾಡಿದ್ರಲ್ಲ, ಆವಾಗಿಂದ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರ್ಧರ್ಧ ಲೋಟದ ಹಾಗೆ ಎರಡು ಸಲ ಚಹಾ ತಂದುಕೊಟ್ಟೆ, ಅಷ್ಟೇ."