ಕರಜಗಿಯ ಹೊಲದಲ್ಲಿ ಆಕಾಶದ ನೆಟ್

ಸೋಲಾಪುರ ಸ್ಟ್ಯಾಂಡಿನಲ್ಲಿ ಅಕ್ಕಲಕೋಟೆಯ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೊಂದು ಚಪ್ಪಟೆ ಪೆಟ್ಟಿಗೆಯಿತ್ತು. ಒಳಗೆ ಊಟದ ತಾಟಿಗಿಂತ ತುಸು ದೊಡ್ಡದಾದ ಬಿಳಿ ಹಲಗೆ, ಅದನ್ನು ನಡೆಸಲೊಂದು ಬ್ಯಾಟರಿ. ನೇರ ಉಪಗ್ರಹದಿಂದಲೇ ಇಂಟರ್ನೆಟ್ ಇಳಿಸಿಕೊಳ್ಳುವ ಯಂತ್ರವದು. ಪೇಟೆಯಲ್ಲಿ ನಮ್ಮದು ಚಾದರು, ಕಂಬಳಿಯ ಅಂಗಡಿ. ಕುರಿಗಳ ನಡುವೆ ನಿಂತು ವಿಡಿಯೋದಲ್ಲಿ ಕಂಬಳಿ ತೋರಿಸಿದರೆ ಮಾತ್ರ ಕೊಳ್ಳುತ್ತೇನೆಂದು ಪುಣೆಯ ಗಿರಾಕಿಯೊಬ್ಬರು ಹಟ ಹಿಡಿದಿದ್ದರು. ಕರಜಗಿಯ ಹೊಲಗಳಲ್ಲಿ ಫೋನಿನಲ್ಲಿ ಮಾತು ಕೇಳಿಸಿದರೆ ಅದೇ ಪುಣ್ಯ. ಹಾಗಾಗಿ ನಮ್ಮ ಯಜಮಾನರು ಇದನ್ನು ವಾರದ ಮಟ್ಟಿಗೆ ಬಾಡಿಗೆಗೆ ತಂದು, ನನ್ನ ಕೈಗಿಟ್ಟು, ತಾವು ಗಲ್ಲಾದ ಮೇಲೆ ಕೂತರು. ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ ಎಂಬುದು ಅವರು ಕೊಟ್ಟ ಕಾರಣ. ಎಂಥ ವ್ಯಾಪಾರಿ ಬುದ್ಧಿ!

ಅಕ್ಕಲಕೋಟೆ ನಲವತ್ತು ಕಿಲೋಮೀಟರಿನ ಆಸುಪಾಸು, ಒಂದು ತಾಸಿನ ಹಾದಿ. ಜೋಳದ ಸುಗ್ಗಿ ಮುಗಿದು ಬಿಸಿಲು ಏರಿತ್ತು. ಕುತೂಹಲ ತಡೆಯದೆ ಹಲಗೆಯನ್ನು ಕಿಟಕಿಗೆ ಒರಗಿಸಿ ಚಾಲೂ ಮಾಡಿ ನೋಡಿದೆ. ಚಲಿಸುವ ವಾಹನದಲ್ಲಿ ಈ ಬಾಡಿಗೆಯ ಪ್ಲ್ಯಾನು ನಡೆಯುವುದಿಲ್ಲವೆಂದು ಫೋನಿನ ತೆರೆ ಹೇಳಿತು. ಕಂಡಕ್ಟರ್ ಬಂದು, "ವೈನಿ, ತಾಟ ಹಿಡಕೊಂಡ ಕುಂತೀರಿ, ಊಟ ಯಾರ್ ಬಡಸಾವ್ರು?" ಎಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ.

ಅಕ್ಕಲಕೋಟೆಯಲ್ಲಿ ಸ್ವಾಮಿಗಳ ಗುಡಿಯಲ್ಲಿ ದರ್ಶನ ಮಾಡಿ, ಅನ್ನಛತ್ರದಲ್ಲಿ ಚಪಾತಿ, ಪಲ್ಯ, ಅನ್ನ, ಸಾರು ಉಂಡೆ. ಹೊರಗೆ ಮರದ ನೆರಳಿನಲ್ಲಿ ಮತ್ತೊಂದು ಪ್ರಯತ್ನ. ಕೊಂಬೆಗಳು ಅಡ್ಡ ಬಂದಿವೆ ಎಂದು ತೆರೆ ಕೆಂಪಾಯಿತು. ಈ ಯಂತ್ರಕ್ಕೆ ನೆರಳು ಆಗದು, ಆಕಾಶವೆಲ್ಲ ಬರಿದಾಗಿ ಕಾಣಬೇಕು. ಸ್ಟ್ಯಾಂಡಿನ ಬಯಲಿಗೆ ತಂದಿಟ್ಟರೆ ಕುದುರೆಯಂತೆ ಓಡಿತು. ಆದರೆ ಅಲ್ಲಿ ನನ್ನ ಫೋನಿನ ನೆಟ್ಟೂ ಚೆನ್ನಾಗಿಯೇ ಇತ್ತು. ಉಂಡವರಿಗೇ ಮತ್ತೊಮ್ಮೆ ಬಡಿಸಿದ ಹಾಗಾಯಿತು.

ಮಧ್ಯಾಹ್ನ ಕರಜಗಿಯ ಬಸ್ಸಿಳಿದಾಗ ಬೀರಪ್ಪ ಕಾಯುತ್ತಿದ್ದ. ನಮ್ಮ ಅಂಗಡಿಗೆ ಕಂಬಳಿ ಕೊಡುವವನು ಇವನೇ. ಊರ ಹೊರಗೆ ರಸ್ತೆಗೆ ಹತ್ತಿದ ಹೊಲವೊಂದರಲ್ಲಿ ಅವನ ಕುರಿಹಿಂಡು ಬೀಡುಬಿಟ್ಟಿತ್ತು. ಗೊಬ್ಬರಕ್ಕಾಗಿ ಹೊಲದ ಧಣಿ ಹಿಂಡನ್ನು ಕೂಡಿಸಿಕೊಂಡಿದ್ದ. ಬೇವಿನ ಮರ ಬಿಟ್ಟು ನಟ್ಟನಡುವೆ, ಜೋಳದ ಕೂಳೆಗಳ ಮೇಲೆ ಹಲಗೆ ಹೂಡಿದೆ. ಪುಣೆಯವರು ತೆರೆಯಲ್ಲಿ ಕಾಣಿಸಿಕೊಂಡರು. ಕಂಬಳಿಯನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿ ನನ್ನ ಕೈ ಸೋತಿತು. ಕೊನೆಗೆ "ನಾಳೆ ಹೇಳ್ತೇನೆ" ಎಂದರು. ಅಷ್ಟರಲ್ಲಿ ಬ್ಯಾಟರಿ ತಳ ಮುಟ್ಟಿತ್ತು. ಸಿಟ್ಟು ಬಂದು ವಯರು ಕೀಳಲು ಬಗ್ಗಿದೆ.

ಯಾರೋ ನನ್ನ ಮಣಿಕಟ್ಟು ಹಿಡಿದರು. ನೋಡಿದರೆ ಇಷ್ಟು ಹೊತ್ತು ಹಿಂಡಿನ ಆಚೆ ನಿಂತು ನಮ್ಮನ್ನೇ ನೋಡುತ್ತಿದ್ದ ಒಬ್ಬ ಆಳು. ಅವನು ಫೋನಿನ ತೆರೆ ತೋರಿಸಿ, ಎರಡೂ ತೋಳಿನಲ್ಲಿ ಕೂಸು ತೂಗುವಂತೆ ಮಾಡಿ, ಕಿವಿ ಮುಟ್ಟಿಕೊಂಡ.

"ನನ್ನ ತಮ್ಮ ಮಾಳಪ್ಪ ರೀ," ಎಂದ ಬೀರಪ್ಪ. "ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ, ಮಾತೂ ಇಲ್ಲ. ಇವನ ಹೇಣ್ತಿ ಲಾಯವ್ವ ಹಡ್ಯಾಕ ಸಲಗರ ಬುದ್ರುಕಕ್ಕ ತವರಮನಿಗಿ ಹೋಗ್ಯಾಳ. ಗಂಡ ಕೂಸು, ತಿಂಗಳಾತು. ಹಿಂಡ ಬಿಟ್ಟ ಹೋಗಿ ನೋಡಾಕ ಇವಗ ಆಗಿಲ್ಲ. ಕೂಸಿಗಿ ಕೇಳತೈತೋ ಇಲ್ಲೋ ಅಂತ ಇವಗ ಒಂದ ಹುಳಾ ಹೊಕ್ಕೈತಿ."

"ಕೇಳತೈತಂತೇನ?"

"ಬರೋಬ್ಬರಿ ಕೇಳತೈತ್ರಿ! ಇವ ನಂಬಬೇಕಲ್ಲ. ಅವ್ರು ವಿಡಿಯೋ ಮಾಡಿ ಕಳಿಸಿದ್ರು, ಊರಾಗ ಅರ್ಧಾ ದಿನ ಗರಗರ ತಿರಗಿ ಕಡೀಕ ಬಂತು. ಅದನ್ನ ನೋಡಿ, ಹಿಂದಿಂದ ಚಿವುಟಿ ಅಳಿಸ್ಯಾರ ಅಂದ! ಎಲ್ಲಾರೂ ಕೂಡಿ ನನ್ನ ಸಮಾಧಾನ ಮಾಡಾಕತ್ತೀರಿ ಅಂತಾನ. ರೊಟ್ಟಿ ಸೇರವಲ್ದು ಅವಗ."

ಮಾಳಪ್ಪ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಇಷ್ಟು ಹೊತ್ತು ಕಂಬಳಿಯ ಅಂಚು ತೋರಿಸುತ್ತ ಬ್ಯಾಟರಿ ಸುಟ್ಟೆನಲ್ಲ! "ಲಗೂ ಹಚ್ಚಪಾ ಫೋನ," ಎಂದೆ.

ಲಾಯವ್ವನ ಪಕ್ಕದ ಮನೆಯವರಲ್ಲಿ ದೊಡ್ಡ ಫೋನಿತ್ತು. ಅವರು ಹೋಗಿ ಕರೆಯುವಷ್ಟರಲ್ಲಿ ಕುರಿಗಳು ನಮ್ಮನ್ನು ಸುತ್ತುವರಿದವು. "ಹೈ ಹೈ! ತಾಟ ತುಳದ್ರ ನನ್ನ ಮನಿಗಿ ಕರಕೊಳ್ಳಂಗಿಲ್ಲ!" ಎಂದು ನಾನು ಸೆರಗು ಬೀಸುತ್ತ ಕಾವಲು ನಿಂತೆ. ಚಿತ್ರ ಒಮ್ಮೆ ಬಂತು, ಹೆಪ್ಪುಗಟ್ಟಿತು, ಹೋಯಿತು. ಹಲಗೆಯನ್ನು ಬೇವಿನಿಂದ ಇನ್ನಷ್ಟು ದೂರ ಸರಿಸಿದೆ. ಈಗ ಲಾಯವ್ವ ಬಂದಳು, ಮಡಿಲಲ್ಲಿ ಕೂಸು. ಆದರೆ ದನಿಯಿಲ್ಲ.

"ಆವಾಜ ಬರವಲ್ದು! ಆವಾಜ!" ಎಂದು ಬೀರಪ್ಪನೂ ನಾನೂ ತೆರೆಯ ಮುಂದೆ ಕೈಯಾಡಿಸಿ ಕಿರುಚಿದೆವು. ಮಾಳಪ್ಪ ಇಬ್ಬರನ್ನೂ ಪಕ್ಕಕ್ಕೆ ನೂಕಿದ. ಕಾಣಲಿಕ್ಕೆ ನಾವೇ ಅಡ್ಡವಾಗಿದ್ದೆವು.

ಅವನು ಎರಡೂ ಅಂಗೈ ಎತ್ತಿ ತೋರಿಸಿದ. ಲಾಯವ್ವನಿಗೆ ಕೂಡಲೇ ತಿಳಿಯಿತು. ಕೂಸನ್ನು ಚಾಪೆಯ ಮೇಲೆ ಮಲಗಿಸಿ, ದೂರ ಸರಿದು, ತನ್ನೆರಡೂ ಕೈ ಎತ್ತಿ ಕೂತಳು. ಯಾರೂ ಚಿವುಟುವ ಹಾಗಿಲ್ಲ! ಅವಳ ತಾಯಿ ಕೂಸಿನ ತಲೆಯ ಹಿಂದೆ ನಿಂತಳು. ಮಾಳಪ್ಪ, ಇನ್ನೂ ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಂದು ಕೈಮಾಡಿದ. ಮುದುಕಿ ಹೊಸ್ತಿಲ ತನಕ ಹೋಗಿ ಚಪ್ಪಾಳೆ ತಟ್ಟಿದಳು.

ನಮಗೇನೂ ಕೇಳಲಿಲ್ಲ. ಕೂಸು ಬೆಚ್ಚಿಬಿದ್ದು ಎರಡೂ ಕೈ ಮೇಲಕ್ಕೆಸೆಯಿತು. ಮುಖ ಕಿವುಚಿ, ಬಾಯಿ ತೆರೆದು ಅಳತೊಡಗಿತು.

ಮಾಳಪ್ಪ ಇನ್ನೊಮ್ಮೆ ಎಂದು ಬೆರಳೆತ್ತಿದ. ಲಾಯವ್ವ ಗಂಡನನ್ನು ಸಿಟ್ಟಿನಿಂದ ನೋಡಿದಳು, ಆದರೂ ಕೂಸನ್ನು ಸುಮ್ಮನಾಗಿಸಿ ಮತ್ತೆ ಮಲಗಿಸಿದಳು. ಮುದುಕಿ ಮತ್ತೆ ತಟ್ಟಿದಳು. ಕೂಸು ಮತ್ತೆ ಬೆಚ್ಚಿತು. ಅಷ್ಟಕ್ಕೆ ಹಲಗೆಯ ಬ್ಯಾಟರಿ ಸತ್ತು ತೆರೆಯ ಚಿತ್ರ ಹೋಯಿತು.

ಮಾಳಪ್ಪನ ಗಂಟಲಿನಿಂದ ಒಂದು ದೊಡ್ಡ ಕೂಗು ಹೊರಟಿತು. ಮಲಗಿದ್ದ ಕುರಿಗಳೆಲ್ಲ ಎದ್ದು ನಿಂತವು. ಬೀರಪ್ಪ ತಮ್ಮನ ಬೆನ್ನು ಗುದ್ದುತ್ತ, "ಈಗರೆ ನಂಬಿದ್ಯಾ, ಮಗನ?" ಎನ್ನುತ್ತ ತಾನೇ ಅತ್ತ. ನನಗೂ ತಡೆಯಲಾಗಲಿಲ್ಲ.

ದನಿ ಬರಲಿಲ್ಲವಲ್ಲ, ಕೂಸು ಅಳುವುದು ನಮಗಾದರೂ ಕೇಳಬೇಕಿತ್ತು ಎಂದು ನಾನು ಪೇಚಾಡಿದೆ. ಬೀರಪ್ಪ ಅದನ್ನು ಕೈಮಾತಿನಲ್ಲಿ ತಿಳಿಸಿದ. ಮಾಳಪ್ಪ ನಗುತ್ತ ಏನೋ ತೋರಿಸಿದ.

"ನೀವ ನಾಳಿ ಸಲಗರಕ್ಕ ಹೋಗಿ ಕೇಳಿ ಬರ್ರಿ ಅಂತಾನ್ರಿ."

ಸಂಜೆಯ ಬಸ್ಸಿಗೆ ಹೊರಟೆ. ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಿದ್ದರು. ಬಸ್ಸು ಆ ಹೊಲದ ಪಕ್ಕ ಹಾಯುವಾಗ ಕಿಟಕಿಯಿಂದ ಇಣುಕಿದೆ. ಮಾಳಪ್ಪ ಹಿಂಡಿನ ಹಿಂದೆ ನಿಂತಿದ್ದ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದ. ಕುರಿಗಳು ತಲೆಯೆತ್ತಿ ಅವನತ್ತ ತಿರುಗುತ್ತಿದ್ದವು. ಅವನು ಮತ್ತೆ ತಟ್ಟುತ್ತಿದ್ದ.